ಎಡಗಡೆ ಹಿಂದಿನ ಚಕ್ರ

ಹೊಳೆಮಠದ ಶಿವಮಲ್ಲುವಿಗೆ ಒಂದು ಚಟ ಇತ್ತು. ನಿಂತ ಕಾರು ಕಂಡರೆ ಸಾಕು, ಅವನ ಕಣ್ಣು ಮೊದಲು ಚಕ್ರಕ್ಕೇ ಹೋಗುತ್ತಿತ್ತು.

ಹನ್ನೆರಡು ವರ್ಷದ ಹಿಂದೆ ಅವನು ಹೆದ್ದಾರಿ ಪಕ್ಕ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದ. ಏನೋ ಮನಸ್ಸಿಗೆ ಬಂತು, ಅಂಗಡಿ ಮುಚ್ಚಿ ಮಠಕ್ಕೆ ಬಂದ. ಅಂಗಡಿ ಬಿಟ್ಟರೂ ಕಣ್ಣಿನ ಅಭ್ಯಾಸ ಬಿಡಲಿಲ್ಲ.

ಭಾನುವಾರ ಭಕ್ತರ ಕಾರುಗಳು ಹೊಂಗೆಮರದ ಕೆಳಗೆ ಸಾಲಾಗಿ ನಿಲ್ಲುತ್ತಿದ್ದವು. ಶಿವಮಲ್ಲು ಪೊರಕೆ ಹಿಡಿದು ಆ ಸಾಲಿನ ಉದ್ದಕ್ಕೂ ಹೋಗುತ್ತಿದ್ದ. ಗುಡಿಸುವುದು ನೆಪ ಅಷ್ಟೆ.

ಗಾಳಿ ಕಡಿಮೆಯಾದ ಟಯರು ನೆಲಕ್ಕೆ ತಾಗುವ ಕಡೆ ತುಸು ಉಬ್ಬಿರುತ್ತದೆ. ನಮ್ಮ ನಿಮ್ಮ ಕಣ್ಣಿಗೆ ಅದು ಕಾಣುವುದಿಲ್ಲ. ಅವನಿಗೆ ಹತ್ತು ಮಾರು ದೂರದಿಂದಲೇ ಕಾಣುತ್ತಿತ್ತು. ಕಂಡಾಗ ಒಳಗೊಳಗೇ ಒಂದು ಖುಷಿ. ಇಷ್ಟು ದೊಡ್ಡ ಕಾರು, ಇಷ್ಟು ದೊಡ್ಡ ಮನುಷ್ಯ, ಟಯರಿನಲ್ಲಿ ಮಾತ್ರ ಗಾಳಿ ಇಲ್ಲ!

ಒಂದು ಸಂಜೆ ಮಠದ ಗುರುಗಳಾದ ಅಯ್ಯನವರು ಹೊಳೆಯ ಮೆಟ್ಟಿಲ ಮೇಲೆ ಕೂತು ತಮ್ಮ ಕಾವಿ ಹಿಂಡುತ್ತಿದ್ದರು. ಶಿವಮಲ್ಲು ಹೋಗಿ ಕೆಳಗಿನ ಮೆಟ್ಟಿಲಲ್ಲಿ ನಿಂತ.

“ಬುದ್ಧಿ, ಇವತ್ತು ಹದಿನಾಲ್ಕು ಕಾರು ಬಂದಿದ್ವು. ಐದರಲ್ಲಿ ಗಾಳಿ ಇಲ್ಲ.”

“ಅವರಿಗೆ ಹೇಳಿದ್ಯಾ?”

“ನಾನ್ಯಾಕೆ ಹೇಳ್ಲಿ ಬುದ್ಧಿ? ಮೋಕ್ಷ ಹುಡುಕ್ಕೊಂಡು ಅಷ್ಟು ದೂರದಿಂದ ಬರ್ತಾರೆ. ಕೂತಿರೋ ಗಾಡಿ ಚಕ್ರ ನೋಡ್ಕೊಳ್ಳೋಕಾಗಲ್ವಾ?”

“ಕಂಡಿದ್ದು ಯಾರಿಗೆ?”

“ನಂಗೆ.”

“ಹಂಗಾದ್ರೆ ಹೇಳೋನೂ ನೀನೇ. ಓಡು, ಇನ್ನೂ ಹೊರಟಿರಲ್ಲ.”

ಶಿವಮಲ್ಲು ಓಡಿದ. ಅವತ್ತಿಂದ ಕಂಡದ್ದನ್ನೆಲ್ಲ ಹೇಳತೊಡಗಿದ. ಕೊಟ್ಟಿಗೆಯಲ್ಲಿ ಒಂದು ಕಾಲುಪಂಪು ತಂದಿಟ್ಟುಕೊಂಡು ತಾನೇ ಗಾಳಿ ತುಂಬಿಸಿ ಕಳಿಸುತ್ತಿದ್ದ. ಜನ ಕೈಮುಗಿದು ಹೋಗುತ್ತಿದ್ದರು. ಎಲ್ಲ ಚೆನ್ನಾಗಿಯೇ ನಡೆದಿತ್ತು, ಇಂದುಧರ ಮೇಷ್ಟ್ರು ಬರುವವರೆಗೆ.

ಮೇಷ್ಟ್ರು ಕಾಲೇಜಿನಲ್ಲಿ ಪಾಠ ಹೇಳುವವರು. ಬಿಳಿ ಕಾರು. ಹಿಂದಿನ ಸೀಟಿನ ಎಡಗಡೆ ಯಾವಾಗಲೂ ಅವರ ತಾಯಿ ಸರ್ವಮಂಗಳಮ್ಮ. ಆಯಮ್ಮನಿಗೆ ಮಂಡಿನೋವು, ಆ ಕಡೆ ಬಾಗಿಲಿಂದ ಇಳಿಯುವುದು ಸಲೀಸು.

ಮೇಷ್ಟ್ರು ಮಠಕ್ಕೆ ಬರಲು ಶುರುಮಾಡಿ ಇನ್ನೂ ವರ್ಷ ತುಂಬಿರಲಿಲ್ಲ. ಆಗಲೇ ಅಯ್ಯನವರ ಪಕ್ಕದಲ್ಲಿ ಚಾಪೆ! ಅವರು ಏನೋ ಕೇಳುವುದು, ಅಯ್ಯನವರು ಏನೋ ಹೇಳುವುದು, ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವುದು. ಶಿವಮಲ್ಲು ಕಿಟಕಿಯ ಆಚೆ ಪೊರಕೆ ಹಿಡಿದು ನಿಂತು ಆ ನಗು ಕೇಳುತ್ತಿದ್ದ.

ಹನ್ನೆರಡು ವರ್ಷದಲ್ಲಿ ಅಯ್ಯನವರು ಅವನ ಜೊತೆ ಒಂದು ಸಲವೂ ಹಾಗೆ ನಕ್ಕಿರಲಿಲ್ಲ.

ಹೊಟ್ಟೆಕಿಚ್ಚು ಮಠದ ಬಾಗಿಲ ಹೊರಗೇ ನಿಲ್ಲುತ್ತದೆ ಅಂತ ಯಾರು ಹೇಳಿದರೋ ಕಾಣೆ. ಎರಡು ಹೊತ್ತು ಪೂಜೆ ಮಾಡಿ, ಎರಡು ಹೊತ್ತು ವಿಭೂತಿ ಹಚ್ಚಿದರೂ ಅದು ಜಾಗ ಬಿಟ್ಟು ಕದಲುವುದಿಲ್ಲ. ಶಿವಮಲ್ಲುವಿಗೆ ಊಟ ಸೇರದಂತಾಯಿತು.

ಒಂದು ಭಾನುವಾರ ಮೇಷ್ಟ್ರು ಹೊರಡುವಾಗ ಅವನನ್ನು ಕಂಡು ತಮಾಷೆ ಮಾಡಿದರು.

“ಏನು ಗಾಳಿಸ್ವಾಮಿಗಳೇ, ನಮ್ಮ ಗಾಡಿ ಹೇಗಿದೆ?”

ಸುತ್ತ ಇದ್ದವರೆಲ್ಲ ನಕ್ಕರು. ಜಗಲಿಯ ಮೇಲೆ ನಿಂತಿದ್ದ ಅಯ್ಯನವರೂ ನಕ್ಕರು. ಜನ ನಕ್ಕದ್ದು ಅವನಿಗೆ ಏನೂ ಅನ್ನಿಸಲಿಲ್ಲ, ಅಯ್ಯನವರು ನಕ್ಕದ್ದು ಎದೆಗೆ ನಾಟಿತು.

“ಚೆನ್ನಾಗಿದೆ” ಅಂದ. ಅವತ್ತು ಚೆನ್ನಾಗಿಯೇ ಇತ್ತು.

ಮುಂದಿನ ಭಾನುವಾರ ನೋಡುತ್ತಾನೆ, ಮೇಷ್ಟ್ರ ಕಾರಿನ ಎಡಗಡೆ ಹಿಂದಿನ ಚಕ್ರ ತುಸು ಕುಸಿದಿದೆ. ಕೆಳಗೆ ಕೂತು ಬಗ್ಗಿ ನೋಡಿದ. ಟಯರಿಗೆ ಒಂದು ಮೊಳೆ ಹೊಕ್ಕಿತ್ತು, ತಲೆ ಮಾತ್ರ ಮಿರಮಿರ ಅನ್ನುತ್ತಿತ್ತು. ಗಾಳಿ ಒಂದೇ ಸಲ ಹೋಗುವುದಿಲ್ಲ, ದಿನಾ ಇಷ್ಟಿಷ್ಟು ಸೋರುತ್ತದೆ.

ಹೇಳಬೇಕು ಅಂತ ಎದ್ದ. ಒಳಗಿಂದ ನಗು ಕೇಳಿಸಿತು. ಮತ್ತೆ ಕೂತ.

“ಎಲ್ಲಾ ತಿಳಿದ ಮೇಷ್ಟ್ರಲ್ವಾ, ಇದೂ ತಿಳ್ಕೊಳ್ಳಲಿ” ಅಂತ ಪೊರಕೆ ಎತ್ತಿಕೊಂಡು ಹೋದ.

ಎರಡನೇ ಭಾನುವಾರ ಚಕ್ರ ಇನ್ನಷ್ಟು ಕುಸಿದಿತ್ತು. ಶಿವಮಲ್ಲು ಅವತ್ತು ಎರಡು ಮುದ್ದೆ ಉಂಡ.

ಮೂರನೇ ಭಾನುವಾರ ಅಯ್ಯನವರು ಎಲ್ಲರೆದುರು ಒಂದು ಮಾತು ಹೇಳಿದರು.

“ನಾಳೆ ಗುರುಗಳ ಗದ್ದಿಗೆಗೆ ಹೋಗಬೇಕು. ಈ ವರ್ಷ ಕಾಲು ಮಾತು ಕೇಳ್ತಿಲ್ಲ. ಮೇಷ್ಟ್ರ ಕಾರಲ್ಲಿ ಹೋಗೋಣ ಅಂತಿದೀನಿ.”

ಅಯ್ಯನವರ ಗುರುಗಳ ಸಮಾಧಿ ಇರುವ ಆ ಗದ್ದಿಗೆ ಬೆಟ್ಟದ ಮೇಲಿದೆ. ವರ್ಷಕ್ಕೊಂದು ಸಲ ಅಯ್ಯನವರು ಒಬ್ಬ ಶಿಷ್ಯನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಅವನ ಕಿವಿಯಲ್ಲಿ ಮಂತ್ರ ಹೇಳುತ್ತಾರೆ. ಹೋದ ಸಲ ಬೇರೆ ಯಾರೋ, ಅದರ ಹಿಂದಿನ ಸಲ ಇನ್ಯಾರೋ. ಈ ಸಲ ನಾನೇ ಅಂತ ಶಿವಮಲ್ಲು ಪ್ರತಿ ವರ್ಷವೂ ಕಾದಿದ್ದ. ಬೇರೇನೂ ಅವನು ಬೇಡಿದವನಲ್ಲ.

ಅಯ್ಯೋ, ಮೇಷ್ಟ್ರಿಗಾ! ನಿನ್ನೆ ಮೊನ್ನೆ ಬಂದವರಿಗಾ!

ಅವನ ಕಣ್ಣು ಕತ್ತಲಿಟ್ಟಿತು. ಎದ್ದು ಹೋಗಿ ಹೊಂಗೆಮರದ ಕೆಳಗೆ ನಿಂತು ಆ ಚಕ್ರವನ್ನೇ ನೋಡಿದ. ದಾರಿ ಮಧ್ಯೆ ನಿಲ್ಲಲಿ. ಅಯ್ಯನವರ ಎದುರು ಮೇಷ್ಟ್ರು ಬೆವರು ಸುರಿಸಿಕೊಂಡು ಒದ್ದಾಡಲಿ. ಆಗ ಅಯ್ಯನವರಿಗೆ ತನ್ನ ನೆನಪು ಬರಲಿ. ಹೀಗೆಲ್ಲ ಯೋಚಿಸಿದ. ಸುಳ್ಳೇಕೆ ಹೇಳಲಿ, ಆ ಯೋಚನೆ ಅವನಿಗೆ ರುಚಿಯಾಗಿತ್ತು.

ಸೋಮವಾರ ಬೆಳಿಗ್ಗೆ ಕಾರು ಬಂತು. ಸರ್ವಮಂಗಳಮ್ಮ ತಮ್ಮ ಮಾಮೂಲಿ ಜಾಗದಲ್ಲೇ ಕೂತಿದ್ದರು. ಅವರಿಗೂ ಗದ್ದಿಗೆ ನೋಡುವ ಆಸೆ. ಅಯ್ಯನವರು ಮುಂದಿನ ಸೀಟಿನಲ್ಲಿ ಕೂತರು. ಶಿವಮಲ್ಲು ದೂರದಲ್ಲಿ ಗುಡಿಸುತ್ತಾ ನಿಂತ.

ಅಯ್ಯನವರು ಕಿಟಕಿಯಿಂದ ಕೂಗಿದರು.

“ಏನೋ ನಿಂತಿದೀಯಾ? ಪೊರಕೆ ಬಿಸಾಕಿ ಬಾ.”

“ಎಲ್ಲಿಗೆ ಬುದ್ಧಿ?”

“ಎಲ್ಲಿಗೆ ಅಂತಾನಲ್ಲಪ್ಪ! ನಿಂಗೆ ಮಂತ್ರ ಹೇಳೋಕೇ ತಾನೇ ಹೋಗ್ತಿರೋದು? ಮೇಷ್ಟ್ರು ಗಾಡಿ ಓಡಿಸ್ತಾರೆ ಅಷ್ಟೆ. ಹತ್ತು.”

ಶಿವಮಲ್ಲುವಿನ ಕೈಯಿಂದ ಪೊರಕೆ ಜಾರಿತು. ಹೇಗೆ ಹತ್ತಿದನೋ ಅವನಿಗೇ ಗೊತ್ತಿಲ್ಲ. ಸರ್ವಮಂಗಳಮ್ಮನ ಪಕ್ಕ ಕೂತ. ಕಾರು ಹೊರಟಿತು.

ಮಠದ ಗೇಟು ದಾಟುವವರೆಗೆ ಸಂತೋಷ. ಗೇಟು ದಾಟಿದ ಮೇಲೆ ನೆನಪಾಯಿತು.

ಹೇಳಬೇಕು. ಈಗಲೇ ಹೇಳಬೇಕು. ಆದರೆ ಹೇಳುವುದು ಹೇಗೆ? ಇವನ ಕಣ್ಣಿಗೆ ಒಂದು ಚಕ್ರವೂ ತಪ್ಪುವುದಿಲ್ಲ ಅಂತ ಅಯ್ಯನವರಿಗೆ ಚೆನ್ನಾಗಿ ಗೊತ್ತು. ಯಾವಾಗ ಕಂಡೆ ಅಂತ ಒಂದೇ ಒಂದು ಮಾತು ಕೇಳಿದರೆ ಮುಗಿಯಿತು. ಮಂತ್ರವೂ ಇಲ್ಲ, ಮಠವೂ ಇಲ್ಲ.

ಪೆಟ್ರೋಲ್ ಬಂಕ್ ಕಂಡಿತು. ಜೀವ ಬಂದಂತಾಯಿತು.

“ಮೇಷ್ಟ್ರೇ, ಇಲ್ಲೊಂದು ಚೂರು ನಿಲ್ಲಿಸಿ.”

“ಯಾಕೆ ಶಿವಮಲ್ಲು? ನಿನ್ನೇನೇ ಟ್ಯಾಂಕ್ ತುಂಬಿಸಿದೀನಿ.”

ಬಂಕು ಹಿಂದೆ ಹೋಯಿತು.

“ನಿಧಾನಕ್ಕೆ ಹೋಗೋಣ ಮೇಷ್ಟ್ರೇ.”

“ನಲವತ್ತರಲ್ಲೇ ಹೋಗ್ತಿದೀನಲ್ಲ!”

ಅಯ್ಯನವರು ಹಿಂದೆ ತಿರುಗಿ ನೋಡಿದರು. “ಯಾಕೋ ಹಿಂಗೆ ಬೆವರ್ತಿದೀಯಾ?”

“ಸೆಕೆ ಬುದ್ಧಿ.”

“ಇಷ್ಟು ಹೊತ್ತಿಗೇ?”

ಶಿವಮಲ್ಲು ಕಿಟಕಿಯ ಕಡೆ ತಿರುಗಿಕೊಂಡ. ಸರ್ವಮಂಗಳಮ್ಮ ಮಡಿಲಿನ ಡಬ್ಬಿ ತೆಗೆದು ಅವನ ಕೈಗೆ ಎರಡು ಚಕ್ಕುಲಿ ಇಟ್ಟರು. “ತಿನ್ನಪ್ಪ, ಹೊಟ್ಟೆ ಹಸಿದಿರಬೇಕು” ಅಂದರು. ಸ್ವಲ್ಪ ಹೊತ್ತಿಗೆ ಆಯಮ್ಮನಿಗೆ ಜೊಂಪು ಹತ್ತಿತು. ತಲೆ ವಾಲಿ ಅವನ ಹೆಗಲ ಮೇಲೆ ಬಿತ್ತು.

ಬೆಟ್ಟದ ದಾರಿ ಶುರುವಾಯಿತು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಣಿವೆ. ತಿರುವಿನಲ್ಲಿ ಕಾರಿನ ಹಿಂಭಾಗ ಎಡಕ್ಕೆ ಎಳೆಯುವುದು ಅವನಿಗೆ ಕೂತಲ್ಲೇ ತಿಳಿಯುತ್ತಿತ್ತು. ಗಾಳಿ ಇಲ್ಲದ ಟಯರು ಕಾಯುತ್ತದೆ, ಕಾದ ಟಯರು ಹೇಳದೆ ಕೇಳದೆ ಒಡೆಯುತ್ತದೆ. ಅಂಗಡಿಯಲ್ಲಿದ್ದಾಗ ಹಾಗೆ ಒಡೆದ ಟಯರುಗಳನ್ನು ಅವನು ಎಷ್ಟೋ ನೋಡಿದ್ದ. ಅವುಗಳ ಜೊತೆ ಬಂದ ಜನರನ್ನೂ ನೋಡಿದ್ದ.

ಹೆಗಲ ಮೇಲಿದ್ದ ನರೆತಲೆ ಅಲುಗಿತು.

“ನಿಲ್ಲಿಸಿ! ನಿಲ್ಲಿಸಿ ಮೇಷ್ಟ್ರೇ!”

ಆ ಕೂಗಿಗೆ ಸರ್ವಮಂಗಳಮ್ಮ ಬೆಚ್ಚಿಬಿದ್ದರು. ಮೇಷ್ಟ್ರು ಕಾರನ್ನು ಬಂಡೆಯ ಪಕ್ಕಕ್ಕೆ ತಂದು ನಿಲ್ಲಿಸಿದರು.

ಎಲ್ಲರೂ ಇಳಿದರು. ಚಕ್ರ ಅರ್ಧಕ್ಕರ್ಧ ಚಪ್ಪಟೆಯಾಗಿತ್ತು, ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು. ಮೇಷ್ಟ್ರು ತಲೆ ಮೇಲೆ ಕೈ ಇಟ್ಟುಕೊಂಡರು.

“ಶಿವ ಶಿವಾ! ನಂಗೆ ಗೊತ್ತೇ ಆಗಲಿಲ್ಲವಲ್ಲ. ನಿಮಗೆ ಹೇಗೆ ತಿಳೀತು?”

“ಸದ್ದು ಬಂತು” ಅಂದ ಶಿವಮಲ್ಲು.

“ಈಗ ಬಂತಾ?” ಅಯ್ಯನವರು ಕೇಳಿದರು.

“ಹೂಂ ಬುದ್ಧಿ. ಈಗ.”

“ಸರಿ.”

ಅಯ್ಯನವರು ಹೋಗಿ ಮೋರಿಕಟ್ಟೆಯ ಮೇಲೆ ಕೂತರು.

“ಎಂಥ ಕಿವಿ ಬುದ್ಧಿ ಇವರದು!” ಮೇಷ್ಟ್ರಿಗೆ ಹೊಗಳಿದಷ್ಟೂ ಸಾಲದು. “ನಾನು ಗಾಳಿಸ್ವಾಮಿ ಅಂತ ತಮಾಷೆ ಮಾಡ್ತಿದ್ದೆ. ತಪ್ಪಾಯ್ತು. ಇವರಿಲ್ಲದಿದ್ರೆ ಇವತ್ತು ನಾವು ನಾಲ್ಕೂ ಜನ ಆ ಕಣಿವೇಲಿ ಇರ್ತಿದ್ವಿ.”

ಹನ್ನೆರಡು ವರ್ಷದಿಂದ ಯಾವ ಮಾತು ಅಯ್ಯನವರ ಕಿವಿಗೆ ಬೀಳಲಿ ಅಂತ ಕಾದಿದ್ದನೋ ಆ ಮಾತು ಬಿದ್ದಿತ್ತು. ಅದನ್ನು ಹೇಳಿದವರು ಮೇಷ್ಟ್ರು.

ಶಿವಮಲ್ಲು ಜಾಕ್ ಕೊಟ್ಟು ಕಾರು ಎತ್ತಿದ. ನಟ್ಟು ಬಿಚ್ಚಿ ಚಕ್ರ ಕಳಚಿದ. ಟಯರಿನ ಒಳಮಗ್ಗುಲು ಉಜ್ಜಿ ಉಜ್ಜಿ ಪುಡಿಯಾಗಿತ್ತು, ಮುಟ್ಟಿದರೆ ಕೈ ಸುಡುತ್ತಿತ್ತು. ಇನ್ನು ಎರಡು ತಿರುವು ತಡೆಯುತ್ತಿತ್ತೋ ಇಲ್ಲವೋ. ಸ್ಟೆಪ್ನಿ ತಂದು ಕೂರಿಸಿದ.

ಸರ್ವಮಂಗಳಮ್ಮ ಮಂಡಿ ಹಿಡಿದುಕೊಂಡು ಕುಂಟುತ್ತಾ ಬಂದರು. ಸೆರಗಿನಿಂದ ಅವನಿಗೆ ಗಾಳಿ ಬೀಸಿದರು. ಬಾಟಲಿಯ ನೀರು ಕೊಟ್ಟರು.

“ಕುಡಿಯಪ್ಪ. ನನ್ನ ಮಗನ ಪ್ರಾಣ ಉಳಿಸಿದೆ. ನೀನು ನಮ್ಮ ಪಾಲಿನ ದೇವರು ಕಣಪ್ಪ.”

ಶಿವಮಲ್ಲು ನೀರು ಕುಡಿಯಲಿಲ್ಲ. ಸ್ಪಾನರ್ ಕೆಳಗಿಟ್ಟ.

“ಈಗ ಕಂಡಿದ್ದಲ್ಲ ತಾಯಿ.”

“ಏನಪ್ಪ?”

“ಮೂರು ಭಾನುವಾರದಿಂದ ನೋಡ್ತಿದೀನಿ. ಮೊಳೆನೂ ನೋಡಿದ್ದೆ. ಬೇಕಂತಲೇ ಹೇಳಲಿಲ್ಲ.”

ಸರ್ವಮಂಗಳಮ್ಮನ ಸೆರಗು ನಿಂತಿತು.

“ನಾನು ಆ ಕಡೆಗೇ ಕೂತಿರ್ತಿದ್ನಲ್ಲಪ್ಪ” ಅಂದರು. ಬೈಯಲಿಲ್ಲ. ಸುಮ್ಮನೆ ಹಾಗಂದು ಹಿಂದಕ್ಕೆ ಸರಿದರು.

ಮೇಷ್ಟ್ರು ಹತ್ತಿರ ಬಂದರು. ಮುಖ ಕೆಂಪಾಗಿತ್ತು.

“ಯಾಕೆ? ನಿಮಗೆ ನಾನೇನು ಮಾಡಿದ್ದೆ?”

“ಏನೂ ಮಾಡಿಲ್ಲ ಮೇಷ್ಟ್ರೇ. ಬುದ್ಧಿಯವರು ನಿಮ್ಮ ಜೊತೆ ನಗ್ತಿದ್ರು. ನಂಗೆ ಹೊಟ್ಟೆ ಉರೀತಿತ್ತು.”

“ಅಷ್ಟಕ್ಕೆ?”

“ಅಷ್ಟಕ್ಕೇ.”

ಮೇಷ್ಟ್ರು ಕಾರಿನ ಬೀಗದ ಕೈ ಮುಷ್ಟಿಯಲ್ಲಿ ಹಿಡಿದು ಕಣಿವೆಯ ಕಡೆ ತಿರುಗಿ ನಿಂತರು.

ಶಿವಮಲ್ಲು ನಟ್ಟುಗಳನ್ನು ಒಂದೊಂದಾಗಿ ಬಿಗಿದ. ಜಾಕ್ ಇಳಿಸಿದ. ಹಳೆಯ ಚಕ್ರವನ್ನು ಡಿಕ್ಕಿಯಲ್ಲಿಟ್ಟ. ಆಮೇಲೆ ಮೋರಿಕಟ್ಟೆಯ ಹತ್ತಿರ ಹೋಗಿ ಅಯ್ಯನವರ ಕಾಲಿಗೆ ಬಿದ್ದ.

“ಬುದ್ಧಿ, ನಿಮಗೂ ಸುಳ್ಳು ಹೇಳಿದೆ. ನಾನು ಇಲ್ಲಿಂದಲೇ ನಡ್ಕೊಂಡು ವಾಪಸ್ ಹೋಗ್ತೀನಿ. ನಂಗೆ ಮಂತ್ರ ಬೇಡ.”

“ಬೇಡ್ವಾ?”

ಅವನಿಗೆ ದುಃಖ ಒತ್ತರಿಸಿ ಬಂತು. “ಬೇಕು ಬುದ್ಧಿ. ಬೇಡ ಅಂದದ್ದೂ ಸುಳ್ಳು.”

“ಮತ್ತೆ ಯಾಕೆ ಹೋಗ್ತೀಯಾ?”

“ಯಾವ ಮುಖ ಇಟ್ಕೊಂಡು ಆ ಕಾರು ಹತ್ತಲಿ?”

“ಬೇರೆ ಮುಖ ಎಲ್ಲಿಂದ ತರ್ತೀಯಾ? ಇರೋದು ಇದೊಂದೇ.”

ಶಿವಮಲ್ಲು ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡ.

“ಹಂಗಾದ್ರೆ ಬರಲಾ ಬುದ್ಧಿ?”

ಅಯ್ಯನವರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಇನ್ನೂ ಬೆನ್ನು ತಿರುಗಿಸಿಕೊಂಡೇ ನಿಂತಿದ್ದರು.

“ನನ್ನನ್ನೇನು ಕೇಳ್ತೀಯೋ? ಕಾರು ಅವರದು. ಹೆತ್ತತಾಯಿ ಅವರದು. ಹೋಗಿ ಅವರನ್ನ ಕೇಳು. ನಾನೂ ಕೇಳ್ಕೊಂಡೇ ಹತ್ತಿದ್ದು.”