ಬಾತು ಮುಚ್ಚಿದ ಕಂಡಿ

ಕೆರೆಯಂಚಿನಲ್ಲಿ ಮುಂಗುಸಿ ಕಾಟವೆಂದು ಕಾಡುಬಾತೊಂದು ದೂರದ ಮನೆಯೊಂದರ ಹೂದೋಟಕ್ಕೆ ಹಾರಿಬಂದು, ದಾಸವಾಳದ ಬುಡದಲ್ಲಿ ಮೊಟ್ಟೆಯಿಟ್ಟಿತು. ಕಾಂಪೌಂಡು ಗೋಡೆಯಲ್ಲಿ ಮಳೆನೀರು ಹೋಗಲು ಬಿಟ್ಟಿದ್ದ ಕಂಡಿಗೂ, ಮುಂಗುಸಿ ನುಗ್ಗದಿರಲೆಂದು, ತರಗೆಲೆ ತುರುಕಿತು. ಮೊಟ್ಟೆಯೊಡೆದು ಮರಿಗಳು ಹೊರಬಂದವು, ಎರಡನೆಯ ದಿನಕ್ಕೇ ನೀರಿಲ್ಲದೆ ಬಾಯಿ ಬಿಡತೊಡಗಿದವು.

"ಗೋಡೆಯೇ, ದಾರಿ ಬಿಡು! ಮರಿಗಳು ಸಾಯುತ್ತವೆ!" ಎಂದು ಬಾತು ಚೀರಿತು.

"ನೀನು ಬರುವಾಗ ನಾನು ಅಡ್ಡ ಬಂದೆನೆ?" ಎಂದಿತು ಗೋಡೆ.

"ಆಗ ಹಾರಿ ಬಂದೆ. ಇವಕ್ಕಿನ್ನೂ ರೆಕ್ಕೆ ಬಲಿತಿಲ್ಲ."

"ಹಾಗಾದರೆ ಇರುವುದು ಒಂದೇ ದಾರಿ, ನೀನು ಮುಚ್ಚಿದ ಕಂಡಿ."

"ಅದರಾಚೆ ಮುಂಗುಸಿ ಇದೆಯಲ್ಲ!"

"ಇದೆ. ಕೆರೆಯೂ ಆಚೆಗೇ ಇದೆ."

ಬಾತು ಕೊಕ್ಕಿನಿಂದ ತರಗೆಲೆ ಕಿತ್ತೆಸೆಯಿತು. ಗೋಡೆಯ ಮೇಲಿಂದ ಹಾರಿ ಆಚೆ ಇಳಿದು, ಕಂಡಿಯ ಬಾಯಿಗೆ ಬೆನ್ನು ಕೊಟ್ಟು, ರೆಕ್ಕೆ ಬಿಚ್ಚಿ ನಿಂತಿತು. ಆಮೇಲೆ ಮರಿಗಳನ್ನು ಕರೆಯಿತು.