ಗಾಜಿನೊಳಗಿನ ಶತ್ರು

ಇಪ್ಪತ್ತು ಅಂತಸ್ತಿನ ಕಟ್ಟಡವೊಂದರ ಮೇಲ್ತುದಿಯ ಕಿಟಕಿಯಂಚಿನಲ್ಲಿ ಧೂಮ್ರಕಂಠನೆಂಬ ಪಾರಿವಾಳವು ಹೆಂಡತಿ ತಾಮ್ರಪಾದೆಯೊಡನೆ ಗೂಡು ಕಟ್ಟಿಕೊಂಡಿತ್ತು. ಗೂಡಿನಲ್ಲಿ ಎರಡು ಮೊಟ್ಟೆಗಳಿದ್ದವು. ಒಂದು ಬೆಳಿಗ್ಗೆ ಗಾಜು ತೊಳೆಯುವ ಯಂತ್ರವು ಮೇಲಿನಿಂದ ಹಗ್ಗದಲ್ಲಿ ಇಳಿದು ಬಂದು, ವರ್ಷಗಟ್ಟಲೆ ಧೂಳು ಹಿಡಿದಿದ್ದ ಆ ಕಿಟಕಿಯನ್ನು ಉಜ್ಜಿತು. ಧೂಳು ಹೋದದ್ದೇ ತಡ, ಗಾಜಿನೊಳಗೆ ಇನ್ನೊಂದು ಗಂಡು ಪಾರಿವಾಳ ಕತ್ತು ಉಬ್ಬಿಸಿಕೊಂಡು ನಿಂತಿತ್ತು.

"ನನ್ನ ಗೂಡಿನ ಮೇಲೆ ಕಣ್ಣು ಹಾಕಿದ್ದಾನೆ!" ಎಂದು ಧೂಮ್ರಕಂಠನು ಹಾರಿ ಹಾರಿ ಕುಕ್ಕಿದನು. ಗಾಜಿನೊಳಗಿನವನೂ ಬಿಡದೆ ತಿರುಗಿ ಕುಕ್ಕಿದನು.

"ಯಂತ್ರರಾಜ, ಈ ದುಷ್ಟನನ್ನು ತೊಳೆದು ಹಾಕು!" ಎಂದು ಧೂಮ್ರಕಂಠನು ಮೊರೆಯಿಟ್ಟನು.

ಯಂತ್ರವು ನೀರು ಚಿಮ್ಮಿಸಿ ಉಜ್ಜಿತು. ಇಳಿದ ನೀರನ್ನೆಲ್ಲ ಹೀರಿ, ಹೊಟ್ಟೆಯೊಳಗೆ ಸೋಸಿ, ಅದರಿಂದಲೇ ಮತ್ತೆ ಉಜ್ಜಿತು. ಶತ್ರು ಇನ್ನಷ್ಟು ಸ್ಪಷ್ಟವಾದನು.

"ಅಯ್ಯಾ, ನಾನು ತೊಟ್ಟು ನೀರನ್ನೂ ಚೆಲ್ಲುವವನಲ್ಲ. ತೊಳೆದದ್ದೆಲ್ಲ ನನ್ನ ಜರಡಿಯಲ್ಲೇ ಇದೆ. ಧೂಳಿದೆ, ನಿನ್ನ ಹಿಕ್ಕೆಯಿದೆ. ಅವನ ಒಂದು ಪುಕ್ಕವೂ ಇಲ್ಲ" ಎಂದಿತು ಯಂತ್ರ.

"ಹಾಗಾದರೆ ಅವನು ಮಹಾ ಮಾಯಾವಿ!" ಎಂದು ಧೂಮ್ರಕಂಠನು ಸಂಜೆಯವರೆಗೂ ಕಾದಾಡಿ, ಕೊಕ್ಕು ನೋಯಿಸಿಕೊಂಡು ಕುಸಿದು ಕೂತನು. ಅವನ ರೆಕ್ಕೆಯ ಬಡಿತಕ್ಕೆ ಮೊಟ್ಟೆಗಳು ಉರುಳದಂತೆ ದಿನವಿಡೀ ಕಾದಿದ್ದ ತಾಮ್ರಪಾದೆ ಎದ್ದು ಬಂದು ಅವನ ಪಕ್ಕದಲ್ಲಿ ನಿಂತಳು. ಗಾಜಿನೊಳಗೂ ಒಬ್ಬಳು ಬಂದು ಆ ಶತ್ರುವಿನ ಪಕ್ಕದಲ್ಲಿ ನಿಂತಳು.

ಧೂಮ್ರಕಂಠನ ಮನಸ್ಸು ಕರಗಿತು. "ಪ್ರಿಯೆ, ಅತ್ತ ನೋಡು. ಎಷ್ಟು ಲಕ್ಷಣವಾಗಿದ್ದಾಳೆ! ಇಂಥ ಜಗಳಗಂಟನ ಜೊತೆ ಹೇಗೆ ಬಾಳುತ್ತಾಳೋ ಪಾಪ!"

"ನಾನೂ ಬೆಳಗಿನಿಂದ ಅದನ್ನೇ ಯೋಚಿಸುತ್ತಿದ್ದೇನೆ" ಎಂದಳು ತಾಮ್ರಪಾದೆ.