ಎಡಕ್ಕೆ ಹೊಸೆದ ಹಗ್ಗ

ಪೂಜ್ಯ ಮ್ಯೋರೆನ್ ಮಾತೆಯವರು ಬೌದ್ಧ ಸನ್ಯಾಸಿನಿಯರು. ಜಪಾನಿನ ಪಡುವಣ ಕಡಲಿನತ್ತ ಚಾಚಿದ ಬೆಟ್ಟಸೀಮೆಯಲ್ಲಿ ವಸಂತ ಬಂದರೆ ಸಾಕು, ಕಾಲ್ನಡಿಗೆಯಲ್ಲಿ ಊರೂರು ಸುತ್ತುತ್ತಿದ್ದರು. ದಾರಿಯಲ್ಲಿ ಬುದ್ಧನ ವಿಹಾರ ಸಿಗಲಿ, ಶಿಂಟೋ ದೇವರ ಗುಡಿ ಸಿಗಲಿ, ಅವರ ತಲೆ ಒಂದೇ ಸಮನಾಗಿ ಬಾಗುತ್ತಿತ್ತು. ಕುರೋತಾನಿ ಎಂಬ ಹಳ್ಳಿಗೆ ಬಂದಾಗ ವಿಹಾರದ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಇಳಿದುಕೊಳ್ಳುತ್ತಿದ್ದರು. ಒಳಗೆ ಚಾಪೆ ಹಾಸಿದ ಕೋಣೆಯಿದ್ದರೂ ಸೌದೆಯ ವಾಸನೆಯೇ ತಮಗಿಷ್ಟ ಎನ್ನುತ್ತಿದ್ದರಂತೆ. ದೊಡ್ಡವರ ಹಟ, ನಾವೇನು ಹೇಳುವುದು!

ಆ ವರ್ಷ ಅವರು ಬಂದ ಮರುದಿನ ಬೆಳಿಗ್ಗೆ ತೋಕುಜೋ ಎಂಬ ರೈತ ಕೊಟ್ಟಿಗೆಯ ಬಾಗಿಲಲ್ಲಿ ಬಂದು ನಿಂತನು. ಪ್ರತಿ ಹೊಸ ವರ್ಷಕ್ಕೆ ಊರ ಗುಡಿಯ ಕಮಾನಿಗೆ ಭತ್ತದ ಹುಲ್ಲಿನ ದಪ್ಪ ಹಗ್ಗ ಕಟ್ಟುವುದು ಆ ನಾಡಿನ ಪದ್ಧತಿ. ಮನೆಬಳಕೆಯ ಹಗ್ಗವನ್ನು ಬಲಕ್ಕೆ ಹೊಸೆಯುತ್ತಾರೆ, ದೇವರ ಹಗ್ಗವನ್ನು ಎಡಕ್ಕೆ. ಆ ಕೆಲಸ ತೋಕುಜೋ ಮನೆತನದ್ದು. ಅವನ ಕೈಹಿಡಿದು ಕಲಿಸಿದವಳು ತಾಯಿ. ಕೂಸು ಹುಟ್ಟಿದ ಮೂವತ್ತೆರಡನೆಯ ದಿನ ಅದನ್ನು ಅದೇ ಹಗ್ಗದಡಿ ದಾಟಿಸಿ ದೇವರಿಗೆ ತೋರಿಸುವುದೂ ಅಲ್ಲಿನ ವಾಡಿಕೆ. ತೋಕುಜೋವಿನ ಮಗಳಿಗೆ ನಲವತ್ತು ದಿನ ಕಳೆದಿತ್ತು. ಅವನು ಮಾತ್ರ ಮಳೆ, ಗಾಳಿ, ನೆಗಡಿ ಎಂದು ದಿನಕ್ಕೊಂದು ನೆವ ತೆಗೆಯುತ್ತಿದ್ದನು.

ಮಾತೆಯವರ ಮುಂದೆ ಕೂತು ನಿಜ ಹೇಳಿದನು.

"ತಾಯಿ, ಹೊಸ ವರ್ಷದ ಹಿಂದಿನ ರಾತ್ರಿ ಹಗ್ಗ ಮುಗಿಯೋಕೆ ಇನ್ನು ಮೂರೇ ಮೊಳ ಇತ್ತು. ಒಳಕೋಣೇಲಿ ಅಮ್ಮ ಹೋಗಿಬಿಟ್ಳು. ಹೆಂಡ್ತಿ ಬಸುರಿ, ತವರಲ್ಲಿದ್ಳು. ಸೂತಕದೋನು ದೇವರ ಹಗ್ಗ ಮುಟ್ಟಂಗಿಲ್ಲ. ಬೆಳಗಾದ್ರೆ ಕಟ್ಟಬೇಕು, ಊರಲ್ಲಿ ಇನ್ಯಾರಿಗೂ ಹೊಸೆಯೋಕೆ ಬರಲ್ಲ. ಬಾಗಿಲು ಹಾಕ್ಕೊಂಡು ಹೊಸೆದುಬಿಟ್ಟೆ. ಅಳಲಿಲ್ಲ, ಊದುಬತ್ತಿ ಕೂಡ ಹಚ್ಚಲಿಲ್ಲ. ಹಗ್ಗ ಗುಡಿಗೆ ಹೋದಮೇಲೇ ಅಮ್ಮ ತೀರ್ಕೊಂಡ್ಳು ಅಂತ ಊರಿಗೆಲ್ಲ ಸುಳ್ಳು ಹೇಳ್ದೆ. ಈಗ ಅದರ ಕೆಳಗೆ ಕೂಸನ್ನ ಹೆಂಗೆ ಕರ್ಕೊಂಡು ಹೋಗ್ಲಿ? ಅದಕ್ಕೇನಾದ್ರೂ ಆದ್ರೆ?"

ಮಾತೆಯವರು ಎದ್ದು, ಅವನನ್ನು ಕರೆದುಕೊಂಡು ಗುಡಿಯತ್ತ ನಡೆದರು. ಕಮಾನಿನ ಹೊರಗೇ ನಿಂತು ಬಾಗಿದರು. ತಲೆ ಬೋಳಿಸಿದವರು, ಸತ್ತವರ ಕ್ರಿಯೆ ಮಾಡಿಸುವವರು ಕಮಾನು ದಾಟಬಾರದೆಂಬುದು ಆ ಗುಡಿಯ ಕಟ್ಟಳೆ. ತೋಕುಜೋ ಅದನ್ನು ಹುಟ್ಟಿದಂದಿನಿಂದ ಬಲ್ಲ. ಆದರೆ ಮಾತೆಯವರನ್ನೂ ಹೊರಗೆ ನಿಲ್ಲಿಸುವ ಕಟ್ಟಳೆ ಅದೆಂದು ಅವನಿಗೆ ಹೊಳೆದದ್ದು ಆಗಲೇ.

"ನಲವತ್ತು ವರ್ಷದಿಂದ ಇಲ್ಲೇ ನಿಂತು ನಮಸ್ಕಾರ ಮಾಡ್ತೀನಪ್ಪ. ಹೆಣದ ಮನೆಯಿಂದ ನೇರವಾಗಿ ಬಂದದ್ದೂ ಉಂಟು. ಈ ದೇವರು ಒಂದು ದಿನವೂ ನನ್ನ ಮೇಲೆ ಮುನಿದಿಲ್ಲ" ಎಂದರು. ಬಳಿಕ ಕೇಳಿದರು: "ಹೊಸೆಯೋವಾಗ ಎಳೆ ತಪ್ಪಿದ್ರೆ ಏನು ಮಾಡ್ತೀಯ?"

"ಬಿಚ್ಚಿ ಮತ್ತೆ ಹೊಸೀತೀನಿ."

"ಹುಲ್ಲಿನ ಮೇಲೆ ಸಿಟ್ಟಾಗ್ತೀಯಾ?"

"ಇಲ್ಲ ತಾಯಿ."

"ಹಾಗಿದ್ರೆ ಹೋಗು, ಅರ್ಚಕರಿಗೆ ಹೇಳು. ಬಿಚ್ಚಿ ಮತ್ತೆ ಹೊಸೆ."

ಇಷ್ಟು ಸುಲಭದ ಮಾತಿಗೆ ಮೂರು ತಿಂಗಳು ನಿದ್ದೆಗೆಟ್ಟನಲ್ಲ ಎಂದು ನಮಗನ್ನಿಸಬಹುದು. ತಪ್ಪು ನಮ್ಮದಾದಾಗ ನಾವೂ ಅಷ್ಟೇ.

ಅರ್ಚಕ ಕಗೆಯಾಮಾ ಅವರು ಮುಂಗೋಪಿಗಳು. ಕೇಳಿ ಮುಖ ಕೆಂಪಗೆ ಮಾಡಿಕೊಂಡರು. "ಏಣಿ ತಗೊಂಡು ಬಾ" ಎಂದರು. "ಅವತ್ತೇ ಹೇಳಿದ್ರೆ ಈ ವರ್ಷಕ್ಕೂ ಹಳೇ ಹಗ್ಗವೇ ಇರಲಿ ಅಂತಿದ್ದೆನಲ್ಲೋ! ತಾಯಿ ಪಕ್ಕ ಕೂರೋದು ಬಿಟ್ಟು..." ಎಂದವರು ಮಾತು ಮುಗಿಸದೆ ಒಳಗೆ ಹೋದರು. ಹಗ್ಗ ಇಳಿಯಿತು, ಅದನ್ನು ಶಾಸ್ತ್ರಪ್ರಕಾರ ಬೆಂಕಿಗೆ ಕೊಟ್ಟರು.

ಮೂರು ದಿನ ತೋಕುಜೋ ಹೊಸ ಹಗ್ಗ ಹೊಸೆದನು. ಮಾತೆಯವರು ಅಂಗಳದಲ್ಲಿ ಕೂತು ಮರದ ಕೊಡತಿಯಿಂದ ಹುಲ್ಲು ಬಡಿದು ಮೆದು ಮಾಡಿಕೊಟ್ಟರು. ಕೊನೆಯ ಮೂರು ಮೊಳಕ್ಕೆ ಬಂದಾಗ ಅವನ ಕೈ ನಿಂತಿತು. ತಾಯಿ ತೀರಿ ಮೂರು ತಿಂಗಳಾದ ಮೇಲೆ, ಹಾಡಹಗಲಲ್ಲಿ, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಅವನು ಗೊಳೋ ಎಂದು ಅತ್ತನು. ಮಾತೆಯವರು ಸಮಾಧಾನ ಹೇಳಲಿಲ್ಲ, ಕೊಡತಿಯನ್ನೂ ನಿಲ್ಲಿಸಲಿಲ್ಲ. ಅತ್ತು ಮುಗಿಸಿದವನು ಮೂಗು ಒರೆಸಿಕೊಂಡು ಹಗ್ಗ ಮುಗಿಸಿದನು.

ಪದ್ಧತಿಯಂತೆ ಕೂಸನ್ನು ಗುಡಿಗೆ ಎತ್ತಿಕೊಂಡು ಹೋಗುವವಳು ಅಪ್ಪನ ತಾಯಿ. ಈ ಕೂಸಿಗೆ ಅವಳಿರಲಿಲ್ಲ. ಮಾತೆಯವರೇ ಕೈಚಾಚಿ ಎತ್ತಿಕೊಂಡರು. ತೋಕುಜೋ ಮತ್ತು ಅವನ ಹೆಂಡತಿ ಸಾಯೋ ಹಿಂದೆ ನಡೆದರು. ಕಮಾನಿನ ಬುಡದಲ್ಲಿ ಮಾತೆಯವರು ನಿಂತುಬಿಟ್ಟರು.

"ಅಜ್ಜಿ ಇಲ್ಲೀತನಕ. ಇನ್ನು ಅಪ್ಪ" ಎಂದು ಕೂಸನ್ನು ಅವನ ಕೈಗಿತ್ತರು.

ತೋಕುಜೋ ತಾನು ಹೊಸೆದ ಹಗ್ಗದಡಿ ದಾಟಿ ಒಳಗೆ ಹೋದನು. ದೇವರ ಮುಂದೆ ಸಾಯೋ ಎರಡು ಬಾರಿ ಚಪ್ಪಾಳೆ ತಟ್ಟಿದಳು, ಅದು ಅಲ್ಲಿನ ನಮಸ್ಕಾರದ ಕ್ರಮ. ಆ ಸದ್ದಿಗೆ ಕೂಸು ಬೆಚ್ಚಿ ಎಚ್ಚೆತ್ತು ಗುಡಿ ತುಂಬ ಕೇಳುವಂತೆ ಅಳತೊಡಗಿತು. ಹಾಗೆ ಅತ್ತರೆ ದೇವರಿಗೆ ಕೇಳಿಸಿತೆಂದು ಆ ಸೀಮೆಯವರು ಹಿಗ್ಗುತ್ತಾರೆ.

ತೋಕುಜೋ ಹೊರಗೆ ನಿಂತವರತ್ತ ತಿರುಗಿ, ದೇವರ ಮುಂದೆ ಕೂಗಬಾರದೆಂಬುದನ್ನೂ ಮರೆತು, ಗುಡಿಯೊಳಗಿಂದಲೇ ಕೂಗಿದನು:

"ತಾಯೀ, ಅಳ್ತಾ ಇದಾಳೆ! ಜೋರಾಗಿ ಅಳ್ತಾ ಇದಾಳೆ!"